ಬಾನೆಟ್ಟಿನ ಎಡ ಅರ್ಧ

ನಮ್ಮ ಊರಿನಲ್ಲಿ ಕೊಟ್ಟ ಮಾತು ನಿಲ್ಲಬೇಕಾದರೆ ಅದನ್ನು ಕಾರಿನ ಬಾನೆಟ್ಟಿನ ಮುಂದೆ ನಿಂತು ಕೊಡಬೇಕು. ಮಾತು ಕೊಡುವವರಿಗೆ ಬಾನೆಟ್ಟಿನಲ್ಲಿ ತಮ್ಮ ಮುಖ ಕಾಣಬೇಕು. ಮುಖ ಕಂಡರಷ್ಟೇ ಸಾಲದು, ಕಣ್ಣಿನ ರೆಪ್ಪೆಗೂದಲು ಕಾಣಬೇಕು. ಮನೆ ಮಾರುವುದು, ಸಾಕ್ಷಿ ಹೇಳುವುದು, ದತ್ತು ತೆಗೆದುಕೊಳ್ಳುವುದು, ಮದುವೆಯಾಗುವುದು, ಎಲ್ಲಕ್ಕೂ ಇದೇ ಕ್ರಮ. ಕಾರು ಇದ್ದವರು ಕಾರನ್ನೇ ಮಾತುಕಟ್ಟೆಗೆ ಓಡಿಸಿಕೊಂಡು ಹೋಗುತ್ತಾರೆ. ಇಲ್ಲದವರು ಬಾನೆಟ್ ಒಂದನ್ನೇ ಇಟ್ಟುಕೊಂಡಿರುತ್ತಾರೆ. ನಡುಮನೆಯ ಗೋಡೆಗೆ ಒರಗಿಸಿ, ಮೇಲೊಂದು ಹಳೆಯ ಸೀರೆ ಹೊದಿಸಿ, ಬೇಕಾದಾಗ ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೊರಡುತ್ತಾರೆ. ಎಂಜಿನ್ನು, ಚಕ್ರಗಳಿರುವ ಕಾರುಗಳಿಗಿಂತ ಬರೀ ಬಾನೆಟ್ಟುಗಳೇ ಊರಿನಲ್ಲಿ ಹೆಚ್ಚು.

ಮಾತು ಯಾರದೋ ಉಜ್ಜುವ ಕೈಯೂ ಅವರದೇ ಆಗಿರಬೇಕು. ಆಳು ಇಟ್ಟು ಉಜ್ಜಿಸಿದ ಬಾನೆಟ್ಟಿನ ಮುಂದೆ ಹೇಳಿದ್ದು ಲೆಕ್ಕಕ್ಕಿಲ್ಲ. ಇದರಿಂದಾಗಿ ನಮ್ಮಲ್ಲಿ ಈ ಕೆಲಸದಲ್ಲಿ ಪಳಗಿದವರೇ ಇಲ್ಲ. ಮನುಷ್ಯ ಜೀವಮಾನದಲ್ಲಿ ಎಷ್ಟು ಸಲ ಗಟ್ಟಿ ಮಾತು ಕೊಟ್ಟಾನು? ಒಮ್ಮೆಯೋ ಎರಡು ಸಲವೋ. ಎರಡನೆಯ ಸಲದ ಹೊತ್ತಿಗೆ ಮೊದಲಿನದು ಮರೆತಿರುತ್ತದೆ. ಇಷ್ಟಿದ್ದರೂ ರೆಪ್ಪೆ ಕಾಣದೆ ಕಟ್ಟೆಯಿಂದ ಹಿಂತಿರುಗಿದವರ ಸುದ್ದಿ ನಾನು ಕೇಳಿರಲಿಲ್ಲ. ಅವಮಾನದ ಭಯಕ್ಕೇ ಜನ ಅಷ್ಟು ಚೆನ್ನಾಗಿ ಉಜ್ಜುತ್ತಾರೆ ಎಂದು ನಂಬಿಕೊಂಡಿದ್ದೆ.

ನಾನು, ಕುಮುದಿನಿ, ಊರಿನ ಪತ್ರಿಕೆಯಲ್ಲಿ ಕರಡು ತಿದ್ದುವವಳು. ಅಚ್ಚಿನ ಮೊಳೆಗಳ ಮುಂದೆ ಯಾರೂ ಬಾನೆಟ್ ಇಡುವುದಿಲ್ಲವಾದ್ದರಿಂದ ಪತ್ರಿಕೆಯ ಮಾತಿಗೆ ಊರಿನಲ್ಲಿ ಕವಡೆಯ ಬೆಲೆಯೂ ಇಲ್ಲ. ಬಹುಶಃ ಅದಕ್ಕೇ ಎಲ್ಲರೂ ಓದುತ್ತಾರೆ. ಬೆಲೆಯಿಲ್ಲದ ಮಾತೆಂದು ನಾನು ಕೆಲಸವನ್ನು ಸಡಿಲ ಬಿಟ್ಟವಳಲ್ಲ. ‘ಭಾರಿ ಜನಸ್ತೋಮ’ ಎಂದು ಬರೆದ ವರದಿಗಾರನನ್ನು ಕರೆದು ಎಷ್ಟು ಜನ ಎಂದು ಕೇಳುತ್ತಿದ್ದೆ. ಎರಡನೆಯ ಮೂಲದಿಂದ ಖಚಿತವಾಗದ ಸುದ್ದಿಯ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದೆ. ಹೀಗೆ ವಯಸ್ಸು ಐವತ್ತು ದಾಟಿತು. ಯಾರಿಗೂ ಮಾತು ಕೊಡುವ ಪ್ರಸಂಗ ಬಂದಿರಲಿಲ್ಲ, ಬಾನೆಟ್ಟಿನ ಅಗತ್ಯವೂ ಬಿದ್ದಿರಲಿಲ್ಲ.

ಆಮೇಲೆ ಪಾರಿಸಣ್ಣ ಸಿಕ್ಕಿದರು. ಅವರು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವರು. ಪತ್ರಿಕೆಯಲ್ಲಿ ಅಚ್ಚಾಗುವ ವೇಳಾಪಟ್ಟಿಗೂ ಮೈಕಿನಲ್ಲಿ ಕೇಳುವುದಕ್ಕೂ ತಾಳೆಯಾಗುವುದಿಲ್ಲವೆಂದು ವಿಚಾರಿಸಲು ಹೋದೆ. ಅವರು ಮೈಕಿನ ಗುಂಡಿ ಒತ್ತಿ ಆರಿಸಿ, "ಮೇಡಮ್, ನೀವು ಹಾಕಿದ ಹೊತ್ತಿಗೂ ಬಸ್ಸು ಬರಲ್ಲ, ನಾನು ಹೇಳಿದ ಹೊತ್ತಿಗೂ ಬರಲ್ಲ. ಹೇಗೂ ಇಬ್ಬರದೂ ತಪ್ಪೇ. ಒಂದೇ ಹೊತ್ತು ಹೇಳಿ ಒಟ್ಟಿಗೆ ತಪ್ಪೋಣ ಬಿಡಿ" ಎಂದರು. ವಾರಕ್ಕೊಮ್ಮೆ ಹೋಗುತ್ತಿದ್ದವಳು ದಿನಾ ಹೋಗತೊಡಗಿದೆ. ಮಲ್ಲಿಗೆ ಬಣ್ಣದ ಅಂಗಿ, ದಪ್ಪ ಗಾಜಿನ ಕನ್ನಡಕ, ತಗ್ಗಿಸಿದರೂ ನಾಲ್ಕು ಜನಕ್ಕೆ ಕೇಳುವ ದನಿ. ಮದುವೆಯಾಗೋಣವೇ ಎಂದು ಅವರು ಕೇಳಿದ್ದು ಇಡೀ ನಿಲ್ದಾಣಕ್ಕೆ ಕೇಳಿಸಿತು. ಆ ದಿನ ಅವರು ಗುಂಡಿ ಆರಿಸುವುದನ್ನು ಮರೆತಿದ್ದರು.

ತೊಡಕು ಇದ್ದದ್ದು ಅವರ ಅಕ್ಕನಲ್ಲಿ. ಬೇಸಿಗೆಯ ಕೊನೆಗೆ ಪಾರಿಸಣ್ಣ ನಿವೃತ್ತರಾಗಿ ನಿಲ್ದಾಣದ ಹಿಂದಿನ ಕ್ವಾರ್ಟರ್ಸ್ ಬಿಡಬೇಕಿತ್ತು. ಬೆಟ್ಟದಾಚೆಯ ಊರಿನಲ್ಲಿದ್ದ ಸುಮತಕ್ಕ ತಮ್ಮನನ್ನು ಕರೆದೊಯ್ಯಲು ಒಂದು ಕೋಣೆಗೆ ಸುಣ್ಣ ಹೊಡೆಸಿ, ಖಾಲಿ ಟ್ರಂಕಿನೊಂದಿಗೆ ಬಂದಿಳಿದರು. ನಮ್ಮ ವಿಷಯ ತಿಳಿದಾಗ ಟ್ರಂಕಿನ ಮೇಲೆಯೇ ಕೂತರು.

"ಅರವತ್ತಕ್ಕೆ ಮದುವೆಯೇನೋ ಪಾರಿಸ? ಹಲ್ಲು ಕಟ್ಟಿಸ್ಕೊಳ್ಳೋ ವಯಸ್ಸಲ್ಲಿ ಬಾಸಿಂಗ ಕಟ್ಟಿಸ್ಕೊಳ್ತೀಯಾ?"

"ಅಕ್ಕ, ಅವರ ಎದುರಿಗೇ..."

"ಎದುರಿಗೇ ಹೇಳ್ತಿರೋದು. ಏನಮ್ಮಾ, ಬಾನೆಟ್ ಮುಟ್ಟಿದೀಯಾ ಯಾವತ್ತಾದ್ರೂ?"

"ಇಲ್ಲ" ಎಂದೆ.

"ನೋಡು, ಪೆನ್ನು ಹಿಡಿದ ಕೈ. ಇಬ್ಬರೂ ಕಟ್ಟೆ ಹತ್ತಿ. ಇಬ್ಬರಿಗೂ ರೆಪ್ಪೆ ಕಂಡ್ರೆ ನಾನು ಒಬ್ಬಳೇ ಹೋಗ್ತೀನಿ. ಒಬ್ಬರಿಗೆ ಕಾಣದಿದ್ರೂ ಇವನು ಅದೇ ಮಧ್ಯಾಹ್ನದ ಬಸ್ಸಿಗೆ ನನ್ನ ಜೊತೆ ಬರ್ಬೇಕು."

ಪಾರಿಸಣ್ಣ ಅಕ್ಕನ ಮಾತಿಗೆ ಎಂದೂ ಇಲ್ಲ ಎಂದವರಲ್ಲ. ತಲೆಯಾಡಿಸಿದರು. ಒಮ್ಮೆ ಸೋತ ಜೋಡಿ ಒಂದು ವರ್ಷ ಕಟ್ಟೆ ಹತ್ತುವಂತಿಲ್ಲ. ಯಾರದೂ ಮಾತಿಲ್ಲದೆ ಗಂಡು ಹೆಣ್ಣು ಒಂದೇ ಸೂರಿನಡಿ ಇರುವುದು ನಮ್ಮೂರಿನಲ್ಲಿಲ್ಲ. ಬೆಟ್ಟದಾಚೆ ಸುಮತಕ್ಕನ ಮನೆಯಲ್ಲಿ ಒಂದು ವರ್ಷ ಕೂತ ಪಾರಿಸಣ್ಣ ಮತ್ತೆ ಎದ್ದು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಸುಮತಕ್ಕನ ಕೈಯಡಿಗೆ ಅಂಥದ್ದೆಂದು ಅವರೇ ಹೇಳಿದ್ದರು.

ಗುಜರಿಯಿಂದ ಒಂದು ಕಪ್ಪು ಬಾನೆಟ್ ತಂದೆ. ಮುಖ ಕಾಣುವುದಕ್ಕೆ ಕಪ್ಪಿನಷ್ಟು ಒಳ್ಳೆಯ ಬಣ್ಣವಿಲ್ಲ. ಗೀರು ಕಾಣುವುದಕ್ಕೂ ಇಲ್ಲ. ಇದರ ಮೇಲೆ ಜೇಡರಬಲೆಯಂತೆ ಸುತ್ತುಸುತ್ತಾಗಿ ಗೀರುಗಳಿದ್ದವು. ಯಾರೋ ಹಿಂದಿನವರು ಮಣ್ಣಿನ ಬಟ್ಟೆಯಲ್ಲಿ ಒರೆಸಿ ಒರೆಸಿ ಮಾಡಿದ್ದು. ಮದುವೆಯ ಬಾನೆಟ್ಟಿಗೆ ನಡುವೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಎಡ ಅರ್ಧ ಹೆಣ್ಣಿನದು, ಬಲ ಅರ್ಧ ಗಂಡಿನದು. ಒಬ್ಬರ ಕೈ ಇನ್ನೊಬ್ಬರ ಅರ್ಧಕ್ಕೆ ಹೋಗಬಾರದು.

ಬಾನೆಟ್ ಉಜ್ಜುವುದರಲ್ಲಿ ಐದು ಕೆಲಸಗಳಿವೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ತೊಳೆಯುವುದು, ಒರಟಾಗಿ ತಿಕ್ಕಿ ಗೀರು ತೆಗೆಯುವುದು, ನುಣುಪು ಮಾಡುವುದು, ಉಳಿದ ಗೀರು ತುಂಬಿ ಮುಚ್ಚುವುದು, ಮೇಲೆ ಮೇಣದ ಪದರ ಕೊಡುವುದು. ಐದಕ್ಕೂ ಐದು ಬೇರೆ ಬೇರೆ ಬಾಟಲಿಗಳಿವೆ. ಯಾವ ಬಾಟಲಿ ಯಾವ ಕೆಲಸದ್ದು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಇದಕ್ಕೆ ಕಾರಣವಿದೆ. ವ್ಯಾಪಾರದ ಮಾತೂ ಮಾತೇ ಎಂದು ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಎದುರು ಹೊಳೆಯುವ ಬಾನೆಟ್ ಇಡುವುದು ನಮ್ಮಲ್ಲಿ ಕಡ್ಡಾಯ. ಹಿಂದೊಬ್ಬ ತಯಾರಕ ತನ್ನ ಬಾಟಲಿಗೆ ‘ಗೀರು ತೆಗೆಯುವ ದ್ರಾವಣ’ ಎಂದು ಹೆಸರಿಟ್ಟನಂತೆ. ಗಿರಾಕಿಯೊಬ್ಬ ಮೊಳೆಯಿಂದ ತಗಡು ಕಾಣುವಂತೆ ಕೊರೆದ ಬಾನೆಟ್ ಹೊತ್ತು ತಂದು, ತೆಗಿ ನೋಡೋಣ ಎಂದನಂತೆ. ತಯಾರಕ ಕಾರ್ಖಾನೆ ಮುಚ್ಚಿದ. ಅಂದಿನಿಂದ ಯಾವ ಬಾಟಲಿಯ ಹೆಸರೂ ಏನನ್ನೂ ಹೇಳದಂತೆ ಎಚ್ಚರ ವಹಿಸಲಾಗಿದೆ.

ವೆಂಕೋಬನ ಅಂಗಡಿಯ ಹೆಸರೇ ‘ವೆಂಕೋಬ ಮತ್ತು ಇತರೆ’. ಕಪಾಟಿನ ತುಂಬ ಬಾಟಲಿಗಳು. ‘ರಾಜಹಂಸ’, ‘ರಾಜಹಂಸ ಪ್ಲಸ್’, ‘ಅಂತಿಮ-೧’, ‘ಅಂತಿಮ-೨’, ‘ಪ್ರಾರಂಭ ಸೂಪರ್’, ‘ಅಕ್ಕನ ನಗು’, ‘ಸಂಜೆ ಆರು ಗಂಟೆ’, ‘ಮೌನ’. ಎಲ್ಲವೂ ಒಂದೇ ಅಳತೆ, ಒಂದೇ ನೀಲಿ ಮುಚ್ಚಳ.

"ಇದರಲ್ಲಿ ಮೊದಲು ಹಚ್ಚೋದು ಯಾವುದು?" ಎಂದೆ.

ವೆಂಕೋಬ ಗಲ್ಲಾಪೆಟ್ಟಿಗೆಯ ಎದುರಿನ ಬಾನೆಟ್ಟಿನ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, "ಇವೆಲ್ಲ ಬಾಟ್ಲಿಗಳು ಮೇಡಮ್ಮೋರೆ" ಎಂದ.

"ಅದು ಕಾಣ್ತಿದೆ. ಒಳಗೇನಿದೆ?"

"ದ್ರವ."

"ಇದರಲ್ಲಿ?"

"ಅದೂ ದ್ರವಾನೇ. ಸ್ವಲ್ಪ ಗಟ್ಟಿ ಮನಸ್ಸಿನ ದ್ರವ."

"ಹಚ್ಚಿದರೆ ಏನಾಗುತ್ತೆ?"

"ಹಚ್ಚಿದಂಗಾಗುತ್ತೆ."

ಪತ್ರಿಕೆಯಲ್ಲಿ ಇಷ್ಟು ನಿರ್ದುಷ್ಟವಾದ ಹೇಳಿಕೆಯನ್ನು ನಾನು ಕಂಡಿರಲಿಲ್ಲ. ತಿದ್ದಲು ಒಂದಕ್ಷರವೂ ಇರಲಿಲ್ಲ. ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ಅವನಿಗೇ ಮರುಕ ಹುಟ್ಟಿರಬೇಕು, "ಹಿತ್ತಲಿಗೆ ಬನ್ನಿ" ಎಂದು ಕಣ್ಣಲ್ಲೇ ಸನ್ನೆ ಮಾಡಿದ.

ಹಿತ್ತಲಿನಲ್ಲಿ ಹೊಳೆಯುವ ವಸ್ತು ಒಂದೂ ಇರಲಿಲ್ಲ. ನೀರಿನ ಡ್ರಮ್ಮಿಗೂ ಸಗಣಿ ಬಳಿದಿದ್ದ. ಅಲ್ಲಿ ಅವನು ಬೇರೆಯೇ ಮನುಷ್ಯ. ಕೈ ಕುಣಿಸುತ್ತ ಸುರುಮಾಡಿದ: "ಅಂತಿಮ-೨ ಮೊದಲು. ಆಮೇಲೆ ರಾಜಹಂಸ ಪ್ಲಸ್. ಬರೀ ರಾಜಹಂಸ ತಗೊಂಡ್ಹೋಗಿ ಬಿಟ್ಟೀರ, ಅದು ಟೈರಿಗೆ. ಮೌನ ಗಾಜಿಗೆ. ಸಂಜೆ ಆರು ಗಂಟೆ ಸೀಟಿಗೆ. ಅಂತಿಮ-೧ ಮೂರನೇದು. ಅಕ್ಕನ ನಗು ನಾಲ್ಕನೇದೋ ಐದನೇದೋ. ಪ್ರಾರಂಭ ಸೂಪರ್ ಎಲ್ಲಾ ಆದ್ಮೇಲೆ ಕೊನೇಲಿ."

"ಖಂಡಿತವಾ?"

"ಹಿತ್ತಲಲ್ಲಿ ಖಂಡಿತ ಎಲ್ಲಿಂದ ಬರ್ಬೇಕು?"

"ಹೋದ ವಾರ ಬಂದವರಿಗೂ ಇದನ್ನೇ ಹೇಳಿದ್ಯಾ?"

"ಅವರಿಗೆ ಬೇರೆ ಹೇಳ್ದೆ. ಅವರದು ಕೆಂಪು ಬಾನೆಟ್ಟು."

"ಬಣ್ಣಕ್ಕೂ ಇದಕ್ಕೂ ಸಂಬಂಧ ಇದೆಯಾ?"

"ಅದನ್ನ ಮಾತ್ರ ಒಳಗೆ ಬಂದು ಕೇಳ್ಬೇಡಿ ತಾಯಿ."

ಅಂಗಡಿಯೊಳಗೆ ಹೇಳಿದ್ದು ನಿಜ, ಆದರೆ ಪ್ರಯೋಜನವಿಲ್ಲ. ಹಿತ್ತಲಿನಲ್ಲಿ ಹೇಳಿದ್ದು ಪ್ರಯೋಜನದ್ದು, ಆದರೆ ನಿಜವೋ ಸುಳ್ಳೋ ಗೊತ್ತಿಲ್ಲ. ಐದು ಬಾಟಲಿ ಕಟ್ಟಿಸಿಕೊಂಡು ಬಂದು, ಕಲಿತ ಪದ್ಧತಿಯಂತೆ ಬೇರೆ ಮೂಲಗಳನ್ನು ಹುಡುಕಿದೆ. ಎದುರು ಮನೆಯಾಕೆ ಮಗುವನ್ನು ದತ್ತು ತೆಗೆದುಕೊಂಡಾಗ ಬರೀ ರಾಜಹಂಸ ಹಚ್ಚಿದ್ದರಂತೆ. ಅದು ಟೈರಿನದೆಂದು ನಾನು ಹೇಳಿದ್ದಕ್ಕೆ, "ನಮಗೇನೋ ಮಗು ಸಿಕ್ತಪ್ಪ" ಎಂದರು. ಡೈರಿಯವರು ಮೌನ ಹಚ್ಚಿ ಎರಡು ಎಕರೆ ಬರೆದುಕೊಟ್ಟಿದ್ದರು. ಎಲ್ಲರೂ ಬೇರೆ ಬೇರೆ ಬಾಟಲಿ ಹಚ್ಚಿದವರು, ಎಲ್ಲರಿಗೂ ರೆಪ್ಪೆ ಕಂಡಿತ್ತು. ಮೂಲಗಳು ಹೆಚ್ಚಿದಷ್ಟೂ ಸುದ್ದಿ ಕಡಿಮೆಯಾಗುವುದನ್ನು ಅನುಭವದಿಂದ ಬಲ್ಲವಳಾದ್ದರಿಂದ ವಿಚಾರಿಸುವುದನ್ನು ನಿಲ್ಲಿಸಿದೆ.

ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವುದೆಂದು ತೀರ್ಮಾನಿಸಿದೆ. ನನ್ನ ಅರ್ಧದ ಮೂಲೆಯಲ್ಲಿ ಅಂಟುಪಟ್ಟಿಯಿಂದ ಐದು ಚೌಕ ಮಾಡಿ, ಒಂದೊಂದಕ್ಕೆ ಒಂದೊಂದು ಬಾಟಲಿಯದನ್ನು ಹಚ್ಚಿ, ಕಿಟಕಿಯ ಬೆಳಕಿನಲ್ಲಿ ನೋಡಿದೆ. ಅಂತಿಮ-೨ ನೊರೆ ಬಂತು. ಸೋಪು, ಸರಿ. ರಾಜಹಂಸ ಪ್ಲಸ್ ಹಚ್ಚಿದಲ್ಲಿ ಕೊಂಚ ನಯವಾಯಿತು. ಅಂತಿಮ-೧ರಿಂದ ನೀರು ಮಣಿಮಣಿಯಾಗಿ ಉರುಳಿತು, ಮೇಣ. ಪ್ರಾರಂಭ ಸೂಪರ್ ಮರಳು ಕಲಸಿದ ಹಿಟ್ಟಿನಂತಿತ್ತು. ಹಚ್ಚಿದ ಚೌಕ ಮೊದಲಿಗಿಂತ ಮಂಕಾಗಿ, ಅಕ್ಕಿ ತೊಳೆದ ನೀರು ಒಣಗಿದಂತಾಯಿತು. ಅಕ್ಕನ ನಗು ಹಚ್ಚಿ ಒರೆಸಿದ ಕೂಡಲೇ ಆ ಚೌಕದ ಗೀರುಗಳು ಇದ್ದವೋ ಇಲ್ಲವೋ ಎಂಬಂತೆ ಮಾಯವಾದವು. ಬಗ್ಗಿ ನೋಡಿದರೆ ನನ್ನ ರೆಪ್ಪೆಗೂದಲು, ಅದರ ತುದಿಯ ನರೆಯ ಸಮೇತ. ವೆಂಕೋಬನ ಕ್ರಮದ ಮೇಲೆ ಕೆಂಪು ಗೆರೆ ಎಳೆದೆ. ಪ್ರಾರಂಭ ಸೂಪರನ್ನು ಕಿಟಕಿಯ ಹೊರಗಿಟ್ಟೆ. ತೊಳೆದು, ಅಕ್ಕನ ನಗು ಬಳಿದು, ಮೇಲೆ ಮೇಣ ಹಚ್ಚಿದೆ. ನನ್ನ ಎಡ ಅರ್ಧ ಕೆರೆಯಂತೆ ಮಿಂಚಿತು.

ಮರುದಿನ ಪಾರಿಸಣ್ಣ ತಮ್ಮ ಅರ್ಧಕ್ಕೆ ಬಂದವರು ಕಿಟಕಿಯ ಹೊರಗಿದ್ದ ಬಾಟಲಿಯನ್ನೇ ಎತ್ತಿಕೊಂಡರು.

"ಅದು ಕೆಟ್ಟದ್ದು. ಮಂಕು ಮಾಡುತ್ತೆ, ಪರೀಕ್ಷೆ ಮಾಡಿ ನೋಡಿದೀನಿ" ಎಂದೆ.

"ಪ್ರಾರಂಭ ಅಂತ ಬರ್ದಿದೆಯಲ್ಲ ಕುಮುದಿನಿಯವರೇ. ನಾವೀಗ ಪ್ರಾರಂಭ ಮಾಡ್ತಿದೀವಿ."

"ಹೆಸರು ನೋಡಿ ಯಾರಾದರೂ ಹಚ್ತಾರಾ? ಅಂತಿಮ ಅಂತ ಬರೆದಿರೋದು ಸೋಪು!"

"ಇನ್ನೇನು ನೋಡಿ ಹಚ್ಚೋಣ? ನನಗೆ ಬಾಟ್ಲಿ ಒಳಗಿಂದು ಕಾಣಲ್ಲ, ಹೊರಗಿಂದು ಓದಕ್ಕಾಗುತ್ತೆ."

ಅವರು ಉಜ್ಜಿದರು. ಬಲ ಅರ್ಧ ಬೂದಿ ಬಳಿದಂತಾಯಿತು. ಇನ್ನೂ ಉಜ್ಜಿದರು. ಉಜ್ಜುತ್ತ ಹಳೆಯ ಬಸ್ಸುಗಳ ಹೆಸರನ್ನೆಲ್ಲ ದನಿ ತೆಗೆದು ಹೇಳಿದರು. ನನ್ನ ಅರ್ಧದ ಅಕ್ಕನ ನಗುವನ್ನು ಸ್ವಲ್ಪ ಹಚ್ಚಿಕೊಳ್ಳಿ ಎಂದು ಬೇಡಿಕೊಂಡೆ. ಕೇಳಲಿಲ್ಲ. ವಾರ ಕಳೆದರೂ ಅವರ ಕಡೆ ಗೀರೂ ಇರಲಿಲ್ಲ, ಹೊಳಪೂ ಇರಲಿಲ್ಲ. ಸ್ಟೀಲ್ ತಟ್ಟೆಯ ಹಿಂಬದಿಯಂತಿತ್ತು. ಸುಮತಕ್ಕ ದಿನಾ ಬಂದು ಸೀರೆ ಸರಿಸಿ ನೋಡಿ, ನನ್ನ ಅರ್ಧಕ್ಕೆ ಮುಖ ಗಂಟಿಕ್ಕಿ, ತಮ್ಮನ ಅರ್ಧಕ್ಕೆ ನಕ್ಕು ಹೋಗುತ್ತಿದ್ದರು. ಟ್ರಂಕಿಗೆ ಆಗಲೇ ಪಾರಿಸಣ್ಣನ ಅಂಗಿಗಳನ್ನು ತುಂಬಿಯಾಗಿತ್ತು. ನನ್ನ ಚಿಂತೆಯೆಲ್ಲ ಬಲ ಅರ್ಧದ ಮೇಲೆಯೇ ಇತ್ತು.

ಮಾತುಕಟ್ಟೆ ಎಂದರೆ ಊರ ನಡುವಿನ ಕಲ್ಲಿನ ಜಗಲಿ, ಮೇಲೆ ಸೂರಿಲ್ಲ. ಅಲ್ಲಿನ ಅಧಿಕಾರಿಯನ್ನು ಜನ ರೆಪ್ಪೆ ಸಾಹೇಬರು ಎನ್ನುತ್ತಾರೆ. ತೆಳ್ಳಗೆ, ಸೌಮ್ಯವಾಗಿ, ಸದಾ ಯಾರದೋ ನಿದ್ದೆ ಕೆಡಿಸಬಾರದೆಂಬಂತೆ ಮಾತಾಡುವವರು. ನಮ್ಮ ಸರದಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ತಳ್ಳುಗಾಡಿಯಿಂದ ಬಾನೆಟ್ ಇಳಿಸಿ ಕಲ್ಲಿಗೆ ಒರಗಿಸಿದರು. ಸುಮತಕ್ಕ ಮೆಟ್ಟಿಲ ಬಳಿ ಟ್ರಂಕ್ ಇಟ್ಟುಕೊಂಡು, ಎರಡು ಟಿಕೆಟ್ಟುಗಳನ್ನು ಬೀಸಣಿಗೆಯಂತೆ ಹಿಡಿದುಕೊಂಡು ನಿಂತಿದ್ದರು.

"ಕನ್ನಡಕ ತೆಗೀರಿ" ಎಂದರು ಸಾಹೇಬರು. ಕನ್ನಡಕ ಹಾಕಿಕೊಂಡು ಕೊಟ್ಟ ಮಾತು ಕನ್ನಡಕದ್ದಾಗುತ್ತದೆ ಎಂಬುದು ನಿಯಮ. ಪಾರಿಸಣ್ಣ ತೆಗೆದು ಜೇಬಿಗಿಟ್ಟುಕೊಂಡು, ಹಿರಿಯರಾದ್ದರಿಂದ ಮೊದಲು ಬಲ ಅರ್ಧದ ಮುಂದೆ ಬಗ್ಗಿದರು. ಆಮೇಲೆ ಅವರ ಆ ದನಿ ಕಟ್ಟೆಯ ಮೇಲೆಲ್ಲ ಹರಡಿತು.

"ಪ್ರಯಾಣಿಕರ ಗಮನಕ್ಕೆ" ಎಂದುಬಿಟ್ಟರು. ಜನ ಗೊಳ್ಳೆಂದರು. ಅವರು ಗಂಟಲು ಸರಿಮಾಡಿಕೊಂಡರು. "ಇಂದಿನಿಂದ ಕುಮುದಿನಿಯವರ ಮನೆಯೇ ನನ್ನ ಮನೆ. ಸಂಜೆಯ ಅಡಿಗೆ ನನ್ನದು. ಅವರು ಓದುವಾಗ ಜೋರಾಗಿ ಮಾತಾಡುವುದಿಲ್ಲ, ಪ್ರಯತ್ನ ಮಾಡುತ್ತೇನೆ. ಕಾಯಿಲೆ ಬಿದ್ದರೆ ನೋಡಿಕೊಳ್ಳುತ್ತೇನೆ. ನನ್ನ ತಪ್ಪನ್ನು ಅವರು ತಿದ್ದಿದರೆ ಮುಖ ಊದಿಸುವುದಿಲ್ಲ. ಅವರು ಹೋಗು ಎಂದು ಬಾಯಿ ಬಿಟ್ಟು ಹೇಳುವವರೆಗೆ ಎಲ್ಲಿಗೂ ಹೋಗುವುದಿಲ್ಲ." ಇನ್ನೂ ಏನೇನೋ ಹೇಳಿದರು. ಒಗೆದ ಬಟ್ಟೆ ಮಡಿಸುವವರೆಗೂ ಬಂತು.

"ರೆಪ್ಪೆ ಕಂಡಿತೇ?" ಸಾಹೇಬರು ಕೇಳಿದರು.

"ಕಂಡಿತು."

ಗೆದ್ದೆವು ಎಂದುಕೊಂಡೆ. ಕಷ್ಟದ ಅರ್ಧ ದಾಟಿತ್ತು. ಎಡಕ್ಕೆ ಹೋಗಿ ಬಗ್ಗಿದೆ. ಮನೆಯಲ್ಲಿ ಕೆರೆಯಂತಿದ್ದ ನನ್ನ ಅರ್ಧ ಆ ಬಿಸಿಲಿನಲ್ಲಿ ಬೆವರುತ್ತಿತ್ತು. ಅವರು ಅಷ್ಟುದ್ದ ಮಾತಾಡುವಷ್ಟರಲ್ಲಿ ತಗಡು ಕಾದಿತ್ತು. ಅಕ್ಕನ ನಗು ಗೀರು ತೆಗೆಯುವುದಲ್ಲ, ತುಂಬಿ ಮುಚ್ಚುವುದು ಎಂದು ಆಗ ಅರ್ಥವಾಯಿತು. ಮುಚ್ಚಿದ್ದು ಕರಗಿ ಜಿಡ್ಡಾಗಿ ಕೆಳಗೆ ಜಾರುತ್ತಿತ್ತು. ಜೇಡರಬಲೆ ಒಂದೊಂದೇ ಎಳೆಯಾಗಿ ಮೇಲೆದ್ದು ಬರುತ್ತಿತ್ತು. ಹಣೆ ಕಂಡಿತು, ಮೂಗು ಕಂಡಿತು. ಕಣ್ಣಿರಬೇಕಾದ ಕಡೆ ಗೀರುಗಳ ಎರಡು ಸುಳಿಗಳಿದ್ದವು.

ಹೇಳಬೇಕಾದ್ದನ್ನು ಹೇಳಿದೆ. ಅವರ ಜೊತೆ ಇರುತ್ತೇನೆ, ಅವರ ಅಕ್ಕನನ್ನು ನನ್ನ ಅಕ್ಕನೆಂದುಕೊಳ್ಳುತ್ತೇನೆ, ಬಸ್ಸಿನ ವಿಷಯದಲ್ಲಿ ಇನ್ನು ವಾದ ಮಾಡುವುದಿಲ್ಲ. ಬರೆದುಕೊಂಡು ಹೋಗಿದ್ದೆ, ತಿದ್ದಿಯೂ ಇದ್ದೆ.

"ರೆಪ್ಪೆ ಕಂಡಿತೇ?"

ನನ್ನ ಜಾಗದಲ್ಲಿ ನಿಂತವರನ್ನು ಬಿಟ್ಟು ಬೇರೆ ಯಾರಿಗೂ ಅದು ಕಾಣುವುದಿಲ್ಲ. ಸಾಹೇಬರು ನಿಂತಲ್ಲಿಂದ ಕಾಣುವುದಿಲ್ಲ, ಜನರಿಗೆ ಕಾಣುವುದಿಲ್ಲ. ಕೇಳುತ್ತಾರೆ, ನಾವು ಹೇಳುತ್ತೇವೆ, ಬರೆದುಕೊಳ್ಳುತ್ತಾರೆ. ಇಡೀ ಊರಿನ ಮನೆ, ಜಮೀನು, ಮಕ್ಕಳು, ಮದುವೆ ಎಲ್ಲವೂ ಎರಡನೆಯ ಮೂಲವಿಲ್ಲದ ಒಂದು ಪದದ ಮೇಲೆ ನಿಂತಿರುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಎದುರು ಮನೆಯಾಕೆಯ ಟೈರಿನ ಎಣ್ಣೆ, ಡೈರಿಯವರ ಗಾಜಿನ ನೀರು ಎಲ್ಲ ಒಟ್ಟಿಗೆ ಅರ್ಥವಾಯಿತು. ಕಂಡಿತು ಎಂದರೆ ಮುಗಿಯಿತು. ಪಾರಿಸಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು, ಕನ್ನಡಕವಿಲ್ಲದೆ, ಸುಮಾರು ದಿಕ್ಕಿನಲ್ಲಿ. ಕೆಳಗೆ ಸುಮತಕ್ಕ ಟಿಕೆಟ್ ಬೀಸಿಕೊಳ್ಳುವುದನ್ನು ನಿಲ್ಲಿಸಿದ್ದರು. ಪದ ನಾಲಿಗೆಯ ತುದಿಗೆ ಬಂತು. ಬೇರೆಯವರು ಬರೆದದ್ದಾಗಿದ್ದರೆ ಅದನ್ನು ಹೊಡೆದುಹಾಕುತ್ತಿದ್ದೆ.

"ಕಾಣಲಿಲ್ಲ" ಎಂದೆ.

ಸಾಹೇಬರ ಪೆನ್ನು ಆಗಲೇ ‘ಕಂ’ ಎಂದು ಬರೆದಾಗಿತ್ತು. "ಏನಂದ್ರಿ?"

"ಕಾಣಲಿಲ್ಲ."

"ಇನ್ನೊಂದ್ಸಲ ನೋಡಿಮ್ಮಾ. ಕತ್ತು ಸ್ವಲ್ಪ ಓರೆ ಮಾಡಿ."

"ಮಾಡಿ ನೋಡಿದೆ."

"ಬಿಸಿಲು ನೋಡಿ, ಕಣ್ಣಿಗೆ ಕತ್ತಲೆ ಕವಿದಿರ್ಬೇಕು. ನೀರು ಕುಡೀರಿ. ಆತುರ ಇಲ್ಲ."

"ಕಣ್ಣು ಸರಿಯಾಗಿದೆ ಸಾರ್. ಬಾನೆಟ್ಟಲ್ಲಿ ಗೀರಿದೆ."

ಅವರು ದನಿ ಇನ್ನೂ ತಗ್ಗಿಸಿದರು. "ತಾಯಿ, ನನ್ನ ಸರ್ವೀಸಿನಲ್ಲೇ ಯಾರೂ ಹೀಗಂದಿಲ್ಲ."

"ಒಬ್ಬರಿಗೂ ಕಾಣದೇ ಇದ್ದದ್ದಿಲ್ವಾ?"

"ಅದು ನನಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದ ಸಾಹೇಬರು ಏನು ಹೇಳಿದೆನೆಂದು ತಾವೇ ಬೆಚ್ಚಿ, ನಿಯಮದ ಪುಸ್ತಕ ತರಿಸಿದರು. ರೆಪ್ಪೆ ಕಾಣದವರ ವಿಷಯದ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ, ಎರಡು ಸಲ ಓದಿ, ಕೊನೆಗೆ ಹೇಳಿದರು: "ಒಬ್ಬೊಬ್ಬರ ಮಾತು ಒಬ್ಬೊಬ್ಬರದು. ಇವರದು ನಿಂತಿತು. ನಿಮ್ಮದು ನಿಲ್ಲಲಿಲ್ಲ."

ಸುಮತಕ್ಕ ಮೆಟ್ಟಿಲು ಹತ್ತಿ ಬಂದರು. "ಸಾಹೇಬ್ರೇ, ಮದುವೆ ಆಯ್ತೋ ಇಲ್ವೋ, ಅಷ್ಟು ಹೇಳಿ."

"ಇವರಿಗೆ ಆಯ್ತು. ಆಯಮ್ಮನಿಗೆ ಆಗಿಲ್ಲ."

"ಅಲ್ಲಿಗೆ ಮುಗೀತಲ್ಲ. ನಡಿಯೋ ಪಾರಿಸ, ಬಸ್ಸಿಗೆ ಹೊತ್ತಾಯ್ತು."

"ಅವರು ಬರೋ ಹಾಗಿಲ್ಲಮ್ಮ. ಆಕೆ ಹೋಗು ಅನ್ನೋವರೆಗೆ ಎಲ್ಲಿಗೂ ಹೋಗಲ್ಲ ಅಂತ ಮಾತು ಕೊಟ್ಟಾಯ್ತು, ರೆಪ್ಪೇನೂ ಕಂಡಾಯ್ತು."

ಸುಮತಕ್ಕ ನನ್ನ ಕಡೆ ತಿರುಗಿದರು. "ಹೋಗು ಅನ್ನು ಮತ್ತೆ."

"ಅನ್ನಲ್ಲ" ಎಂದೆ.

"ಅನ್ನಲ್ವಾ? ಅವನಿಗೆ ನೀನೇನು ಕೊಟ್ಟಿದೀಯ ಅಂತ ಇಟ್ಕೊಳ್ತೀಯ?"

"ಏನೂ ಕೊಟ್ಟಿಲ್ಲ ಅಂತ ಸಾಹೇಬ್ರೇ ಹೇಳಿದ್ರಲ್ಲ ಅಕ್ಕ."

ಅವರು ಬಾನೆಟ್ ನೋಡಿದರು, ತಮ್ಮನನ್ನು ನೋಡಿದರು, ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. "ಅಡಿಗೆ ಅವನದು. ಬಟ್ಟೆ ಮಡಿಸೋದು ಅವನದು. ಅವನು ಇವಳನ್ನ ಬಿಡೋ ಹಾಗಿಲ್ಲ. ಇವಳು ಬೇಕಾದ್ರೆ ಇವತ್ತೇ ಚಪ್ಪಲಿ ಮೆಟ್ಕೊಂಡು ಹೊರಡಬಹುದು." ಇನ್ನೊಮ್ಮೆ ಬೆರಳು ಮಡಿಸಿದರು. ಆಮೇಲೆ ಸಾಹೇಬರ ಹತ್ತಿರ ಬಗ್ಗಿ, ತಾವು ಪಿಸುಮಾತು ಎಂದುಕೊಂಡ ದನಿಯಲ್ಲಿ ಕೇಳಿದರು: "ಹಳೇ ಮಾತಿಗೆ ಈಗ ಬಂದು ಕಾಣಲಿಲ್ಲ ಅನ್ಬಹುದಾ? ನಂದು ಆಗಿ ನಲವತ್ತು ವರ್ಷ ಆಯ್ತು."

"ಆಗಲ್ಲಮ್ಮ."

"ಹೋಗ್ಲಿ ಬಿಡಿ. ಕೇಳಿದೆ ಅಷ್ಟೆ."

ಟ್ರಂಕಿನಿಂದ ತಮ್ಮನ ಅಂಗಿಗಳನ್ನು ತೆಗೆದು ತಳ್ಳುಗಾಡಿಯ ಮೇಲೆ ಹಾಕಿ, ಒಂದು ಟಿಕೆಟ್ಟನ್ನು ನನ್ನ ಕೈಗಿತ್ತು, "ಯಾವಾಗಲಾದ್ರೂ ಬಾ, ನೀನೊಬ್ಬಳೇ" ಎಂದು ಹೇಳಿ ಹೋದರು.

ತಳ್ಳುಗಾಡಿಯನ್ನು ಇಬ್ಬರೂ ಹಿಡಿದು ಮನೆಯ ಕಡೆ ನಡೆದೆವು. ಮಂಡಿ ಬೀದಿಯ ತಿರುವಿನಲ್ಲಿ ಕೇಳಿದೆ: "ನಿಮ್ಮ ಕಡೆ ಅಷ್ಟು ಮಂಕಾಗಿತ್ತಲ್ಲ. ನಿಜವಾಗಿ ಕಂಡಿತಾ?"

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. "ಕನ್ನಡಕ ಇಲ್ದೆ ಬಾನೆಟ್ ಎಲ್ಲಿದೆ ಅಂತಾನೇ ಕಾಣಲ್ಲ. ಸಾಹೇಬ್ರ ದನಿ ಬಂದ ಕಡೆ ಬಗ್ಗಿದೆ."

ಆ ಸುದ್ದಿ ನನ್ನ ಬಳಿಯೇ ಇದೆ. ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವ ಮಾರ್ಗವಿಲ್ಲದ್ದರಿಂದ ಎಲ್ಲಿಗೂ ಕೊಟ್ಟಿಲ್ಲ.

ಮುಂದಿನ ತಿಂಗಳು ಕಟ್ಟೆಯ ಮೇಲೆ ಇನ್ನೊಬ್ಬ ಮದುಮಗಳಿಗೆ ರೆಪ್ಪೆ ಕಾಣಲಿಲ್ಲ. ಅವಳ ಹಿಂದೆಯೇ ಮತ್ತೊಬ್ಬಳಿಗೆ ಕಾಣಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ಹುಡುಗಿಯರ ಕಣ್ಣಿಗೆ ಏನಾಗಿದೆ ಎಂದು ನಮ್ಮ ಪತ್ರಿಕೆಯಲ್ಲಿ ವೈದ್ಯರ ಲೇಖನ ಬಂತು, ನಾನೇ ತಿದ್ದಿದೆ. ವೆಂಕೋಬ ದಾರಿಯಲ್ಲಿ ಸಿಕ್ಕಿದಾಗ ನಮಸ್ಕಾರ ಮಾಡಿದ. ಅಕ್ಕನ ನಗು ಅಂಗಡಿಯಲ್ಲಿ ನಿಲ್ಲುತ್ತಿಲ್ಲವಂತೆ. ಹೆಣ್ಣುಮಕ್ಕಳು ಹೆಸರು ಹಿಡಿದು ಕೇಳುತ್ತಾರಂತೆ.

"ಏನಂತ ಹೇಳಿ ಮಾರ್ತೀಯ?" ಎಂದೆ.

"ಬಾಟ್ಲಿ ಅಂತ" ಎಂದ.

ವರ್ಷ ತುಂಬಿತು. ನಾವಿಬ್ಬರೂ ಮತ್ತೆ ಕಟ್ಟೆ ಹತ್ತಬಹುದೆಂದು ಸಾಹೇಬರು ಹೇಳಿ ಕಳಿಸಿದರು. ಹೋಗೋಣವೇ ಎಂದು ಪಾರಿಸಣ್ಣನನ್ನು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ನಿಮ್ಮ ಅರ್ಧಕ್ಕೆ ಈ ಸಲ ಯಾವುದು ಹಚ್ತೀರಿ?" ಎಂದರು. ನಾನು ಉತ್ತರ ಹುಡುಕುತ್ತಿದ್ದಂತೆ ಒಗ್ಗರಣೆ ಹೊತ್ತುವ ವಾಸನೆ ಬಂದು, ಆ ಮಾತು ಅಲ್ಲಿಗೇ ನಿಂತಿತು. ಮತ್ತೆ ಎತ್ತಿಕೊಂಡಿಲ್ಲ.

ಈಗಲೂ ಅವರು ಬೆಳಿಗ್ಗೆ ಚೀಲ ಹಿಡಿದು ಸಂತೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಇಡೀ ಬೀದಿಗೆ ಕೇಳುವಂತೆ: "ಸಂಜೆಗೆ ಒಬ್ಬರಿಗೋ, ಇಬ್ಬರಿಗೋ?"

"ಈಗಲೇ ಹೇಗೆ ಹೇಳಲಿ?" ಎನ್ನುತ್ತೇನೆ. ಹೇಳಬೇಕಾದ ಕಟ್ಟುಪಾಡು ನನಗಿಲ್ಲ, ಅದು ಇಬ್ಬರಿಗೂ ಗೊತ್ತಿದೆ. ಅವರು ತಲೆಯಾಡಿಸಿ ಹೋಗಿ, ಇಬ್ಬರಿಗಾಗುವಷ್ಟು ತರುತ್ತಾರೆ. ಇದುವರೆಗೆ ಒಂದು ತುತ್ತೂ ಉಳಿದಿಲ್ಲ.